ಹಾಡು ಹಾರಿಸಬೇಡಿ

ಮೊದಲೇ ಹೇಳಿಬಿಡುತ್ತೇನೆ, ನೀವು ಈಗೀಗ ಹಾಡು ಕೇಳುವ ರೀತಿ ನನಗೆ ಹಿಡಿಸುವುದಿಲ್ಲ. ಹಾಡು ಶುರುವಾಗಿ ಅರ್ಧ ನಿಮಿಷ ಆಗಿರುವುದಿಲ್ಲ, ಹೆಬ್ಬೆರಳು ಆಗಲೇ ಮುಂದಿನದನ್ನು ಒತ್ತಿರುತ್ತದೆ. ಬೆಂಗಳೂರಿನ ಸಿದ್ದಾಪುರದಿಂದ ಅಶೋಕ ಪಿಲ್ಲರ್ ತಲುಪುವಷ್ಟರಲ್ಲಿ ಹತ್ತಾರು ಹಾಡು ಮುಟ್ಟಿರುತ್ತೀರಿ, ಒಂದನ್ನೂ ಪೂರ್ತಿ ಕೇಳಿರುವುದಿಲ್ಲ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಡಿಸ್ಕೋ ಇಷ್ಟ, ಸೋಲ್ ಇಷ್ಟ ಅಂತೀರಿ. ಬಹಳ ಸಂತೋಷ. ಒಳ್ಳೆಯ ರುಚಿಯೇ. ಆದರೆ ಆ ಸಂಗೀತ ಮಾಡಿದವರು ಅದನ್ನು ಚೂರುಚೂರಾಗಿ ಕೇಳಲಿ ಅಂತ ಮಾಡಿದ್ದಲ್ಲ. ಒಂದು ಎಲ್‌ಪಿ ತಟ್ಟೆಯ ಒಂದೊಂದು ಮುಖದಲ್ಲಿ ಇಪ್ಪತ್ತು ನಿಮಿಷದ ಆಚೀಚೆ ಹಾಡು ಹಿಡಿಯುತ್ತಿತ್ತು. ಕುಣಿಸುವ ಹಾಡು ಎಲ್ಲಿ ಬರಬೇಕು, ಅದಾದ ಮೇಲೆ ಉಸಿರು ಬಿಡಿಸುವ ಹಾಡು ಎಲ್ಲಿ, ಮುಖ ತಿರುಗಿಸಿ ಹಾಕಿದಾಗ ಮೊದಲು ಯಾವುದು ಕೇಳಬೇಕು, ಇದನ್ನೆಲ್ಲ ಕೂತು ಯೋಚಿಸಿ ಜೋಡಿಸುತ್ತಿದ್ದರು. ಬಾಳೆಲೆಗೆ ಬಡಿಸಿದವರು ಉಪ್ಪಿನಿಂದ ಮಜ್ಜಿಗೆಯವರೆಗೆ ಕ್ರಮ ನೋಡಿ ಬಡಿಸಿದ್ದರೆ, ನೀವು ಪಾಯಸ ಮಾತ್ರ ನೆಕ್ಕಿ ಎದ್ದು ಹೋದ ಹಾಗೆ ಆಯಿತು ನೀವು ಕೇಳುವ ರೀತಿ. ಅದಕ್ಕೇ ಮೊದಲ ಮಾತು: ಮೊಬೈಲಿನಲ್ಲಿ ಆ ಷಫಲ್ ಗುಂಡಿಯನ್ನು ಆಫ್ ಮಾಡಿಬಿಡಿ. ಒಂದು ಹಾಡಿನ ಬಾಲವನ್ನು ಇನ್ನೊಂದರ ತಲೆಗೆ ಬೆರೆಸುವ ಸೌಲಭ್ಯ ಇದ್ದರೆ ಅದನ್ನೂ ತೆಗೆಯಿರಿ. ಹಾಡು ಮುಗಿದ ಮೇಲಿನ ಎರಡು ಸೆಕೆಂಡಿನ ಮೌನವೂ ಕೇಳುವುದಕ್ಕೇ ಇರುವುದು.

ಎಲ್ಲಿಂದ ಶುರು ಮಾಡಲಿ ಅಂತ ಕೇಳಬೇಡಿ. ಮನೆಯಿಂದಲೇ ಶುರು ಮಾಡಿ. ನಮ್ಮ ಕನ್ನಡದಲ್ಲೇ 1981ರಲ್ಲಿ ಬಂದ ‘ಗೀತಾ’ ಇದೆಯಲ್ಲ! ಶಂಕರ್ ನಾಗ್ ನಿರ್ದೇಶಿಸಿ ನಟಿಸಿದ ಚಿತ್ರ, ಇಳಯರಾಜ ಸಂಗೀತ, ಚಿ. ಉದಯಶಂಕರ್ ಸಾಹಿತ್ಯ. ಇದರ ಐದು ಹಾಡುಗಳನ್ನು ನೀವು ಆಟೋದಲ್ಲಿ, ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ, ಮದುವೆ ಮನೆಯಲ್ಲಿ ನೂರು ಸಲ ಕೇಳಿದ್ದೀರಿ. ಐದನ್ನೂ ಒಟ್ಟಿಗೆ, ಒಂದೇ ಸಲಕ್ಕೆ ಕೂತು ಕೇಳಿದ್ದೀರಾ? ಇಲ್ಲ ತಾನೆ. ಅಲ್ಲೇ ನನ್ನ ತಕರಾರು.

‘ಸಂತೋಷಕ್ಕೆ’ ಹಾಡನ್ನೇ ತೆಗೆದುಕೊಳ್ಳಿ. ಹಾಡು ಬಂದ ಕೂಡಲೇ ಕೈಕಾಲು ಆಡಿಸುತ್ತೀರಿ, ಆಡಿಸಿ, ಬೇಡ ಅನ್ನುವುದಿಲ್ಲ. ಆದರೆ ಇನ್ನೊಂದು ಸಲ ಹಾಕಿದಾಗ ಎಸ್.ಪಿ. ಬಾಲಸುಬ್ರಹ್ಮಣ್ಯಂ ದನಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಕೆಳಗಡೆ ಏನು ನಡೀತಿದೆ ಅಂತ ಕಿವಿ ಕೊಡಿ. ಡ್ರಮ್ ಏನು ಹೇಳುತ್ತಿದೆ, ಬೇಸ್ ಗಿಟಾರ್ ಅದಕ್ಕೆ ಹೇಗೆ ಉತ್ತರ ಕೊಡುತ್ತಿದೆ ಅಂತ ನೋಡಿ. ಡಿಸ್ಕೋದ ಗುಟ್ಟೇ ಅಲ್ಲಿರುವುದು. ದೊಡ್ಡ ಡ್ರಮ್ಮು ನಾಲ್ಕು ಎಣಿಕೆಗೂ ಸಮನಾಗಿ ಬೀಳುತ್ತದೆ, ನಡುನಡುವೆ ಸಣ್ಣ ತಾಳದ ತಟ್ಟೆ ಚಿಸ್ ಅನ್ನುತ್ತದೆ, ಬೇಸು ಆ ಎರಡರ ಮಧ್ಯೆ ಓಡಾಡುತ್ತದೆ. ನಿಮಿಷಕ್ಕೆ 120ರ ಆಸುಪಾಸು ಪೆಟ್ಟು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅರ್ಲ್ ಯಂಗ್ ಅನ್ನುವ ಡ್ರಮ್ಮರ್ 1970ರ ದಶಕದ ಮೊದಲಲ್ಲಿ ಈ ನಡೆಯನ್ನು ಕೂರಿಸಿದರು ಅಂತ ಆ ಸಂಗೀತ ಬಲ್ಲವರು ಹೇಳುತ್ತಾರೆ. ಅದರ ಬೇರು ಸೋಲ್ ಸಂಗೀತ, ಸೋಲ್‌ನ ಬೇರು ಅಲ್ಲಿನ ಕಪ್ಪು ಜನರ ಚರ್ಚಿನ ಭಜನೆ. ಕುಣಿತದ ಕೆಳಗೆ ಅಷ್ಟು ದೊಡ್ಡ ನೋವು, ನಂಬಿಕೆ ಇದೆ ಅಂತ ತಿಳಿದುಕೊಂಡು ಕೇಳಿ, ಕೇಳುವ ಕಿವಿಯೇ ಬದಲಾಗುತ್ತದೆ.

ಈಗ ‘ಸಂತೋಷಕ್ಕೆ’ ಆದ ಮೇಲೆ ‘ಕೇಳದೆ ನಿಮಗೀಗ’ ಕೇಳಿ. ಅದೇ ಎಸ್‌ಪಿಬಿ. ಆದರೆ ಈಗ ಗಂಟಲಿನಲ್ಲಿ ಆ ಕೂಗಿಲ್ಲ, ಹಂಬಲ ಮಾತ್ರ ಇದೆ. ಎರಡನ್ನೂ ಬೇರೆಬೇರೆ ದಿನ, ಬೇರೆಬೇರೆ ಪ್ಲೇಲಿಸ್ಟ್‌ನಲ್ಲಿ ಕೇಳಿದರೆ ಈ ತಿರುವು ನಿಮಗೆ ಗೊತ್ತೇ ಆಗುವುದಿಲ್ಲ. ‘ನನ್ನ ಜೀವ ನೀನು’ ಹಾಡನ್ನು ಬೇಜಾರಿನ ಹಾಡು ಅಂತ ದಾಟಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಆ ದುಃಖ ಇಲ್ಲದೆ ಮೊದಲಿನ ಸಂತೋಷಕ್ಕೆ ಬೆಲೆ ಇಲ್ಲ. ಚಿತ್ರದ ಕಥೆಯೂ ಅದೇ ದಾರಿಯಲ್ಲಿ ಹೋಗುವುದು. ‘ಏನೇ ಕೇಳು’ ಹಾಡನ್ನೂ ಬಿಡಬೇಡಿ. ಐದರಲ್ಲಿ ಕಡಿಮೆ ಹೆಸರು ಮಾಡಿದ್ದು ಅದೇ ಅಂತ ಕಾಣುತ್ತದೆ, ಅಷ್ಟಕ್ಕೇ ಅದು ಕಡಿಮೆ ಹಾಡಾಗುವುದಿಲ್ಲ.

ಇನ್ನು ‘ಜೊತೆಯಲಿ’. ಅದನ್ನು ಒಂದು ಸಲ ದನಿಗೆ, ಒಂದು ಸಲ ಪಿಟೀಲುಗಳಿಗೆ, ಒಂದು ಸಲ ಬೇಸಿಗೆ ಅಂತ ಬೇರೆಬೇರೆಯಾಗಿ ಕೇಳಬೇಕು. ಎಸ್. ಜಾನಕಿ ದನಿ ಸೇರಿಕೊಳ್ಳುವ ಜಾಗದಲ್ಲಿ ಮಾತಾಡಬೇಡಿ, ಪಕ್ಕದವರನ್ನೂ ಮಾತಾಡಿಸಬೇಡಿ. ಇಳಯರಾಜ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಧನರಾಜ್ ಮಾಸ್ತರರ ಹತ್ತಿರ ಕಲಿತವರು, ಆಮೇಲೆ ನಮ್ಮ ಜಿ.ಕೆ. ವೆಂಕಟೇಶ್ ಅವರ ಕೈಕೆಳಗೆ ಪಳಗಿದವರು. ಹಾಗಾಗಿ ಅವರ ಬೇಸು ಸುಮ್ಮನೆ ತಾಳ ಹಿಡಿಯುವುದಿಲ್ಲ, ತಾನೇ ಇನ್ನೊಂದು ಹಾಡು ಹಾಡುತ್ತದೆ. ಈ ರಾಗ ಅವರಿಗೇ ಎಷ್ಟು ಪ್ರೀತಿಯದೆಂದರೆ 1984ರಲ್ಲಿ ತಮಿಳಿನ ‘ನೂರಾವದು ನಾಳ್’ ಚಿತ್ರಕ್ಕೂ, 2007ರಲ್ಲಿ ಹಿಂದಿಯ ‘ಚೀನಿ ಕಮ್’ ಚಿತ್ರಕ್ಕೂ ಅದನ್ನೇ ಮತ್ತೆ ಬಳಸಿದರು. ಮೊದಲು ಹುಟ್ಟಿದ್ದು ಕನ್ನಡದಲ್ಲಿ. ಇದನ್ನು ಮಕ್ಕಳಿಗೆ ಹೇಳಿ. ಹಿಂದಿ ಹಾಡಿನ ಕಾಪಿ ಅಂತ ಯಾರಾದರೂ ಅಂದರೆ ಸುಮ್ಮನೆ ಕೇಳಿಕೊಂಡು ಬರಬೇಡಿ, ತಿದ್ದಿ ಹೇಳಿ.

‘ಗೀತಾ’ ಕೈಗೆ ಹತ್ತಿದ ಮೇಲೆ ಬಿದ್ದು ಅಪ್ಪಯ್ಯ ಅವರ ಸಂಗೀತದ ಹತ್ತಿರ ಹೋಗಿ. ಆ ಹೆಸರು ಎಷ್ಟು ಜನಕ್ಕೆ ಗೊತ್ತು? ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ. ಬೆಂಗಳೂರಿನಲ್ಲಿ ಹುಟ್ಟಿದ ಕೊಡವರ ಹುಡುಗ. ಇಲ್ಲಿ ಟ್ರೋಜನ್ಸ್ ಅಂತ ಗೆಳೆಯರ ಬ್ಯಾಂಡ್ ಕಟ್ಟಿಕೊಂಡು ಹಾಡುತ್ತಿದ್ದವರು 1960ರ ದಶಕದಲ್ಲಿ ಇಂಗ್ಲೆಂಡಿಗೆ ಹೋದರು. 1974ರಲ್ಲಿ ಕಾರ್ಲ್ ಡಗ್ಲಸ್ ಅನ್ನುವ ಗಾಯಕನಿಂದ ಅವರು ಹಾಡಿಸಿದ ‘ಕುಂಗ್ ಫು ಫೈಟಿಂಗ್’ ಇಂಗ್ಲೆಂಡ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೆ ಏರಿತು. ಈ ಹಾಡಿನ ಹಿಂದಿನ ಕಥೆ ನೀವು ನೆನಪಿಡಬೇಕಾದದ್ದು. ಅದು ತಟ್ಟೆಯ ಹಿಂದಿನ ಮುಖಕ್ಕೆ ಅಂತ ಮಾಡಿದ ಹಾಡು. ಮುಂದಿನ ಮುಖದ ಹಾಡಿಗೇ ಸ್ಟುಡಿಯೋದ ಸಮಯವೆಲ್ಲ ಹೋಗಿ, ಕೊನೆಗೆ ಉಳಿದ ಹತ್ತೇ ನಿಮಿಷದಲ್ಲಿ ಇದನ್ನು ಮುಗಿಸಿದರು. ಕಂಪನಿಯವರು ಕೇಳಿ ಹಿಂದಿನದನ್ನು ಮುಂದಕ್ಕೆ ತಂದರು. ಅವರೂ ನಿಮ್ಮ ಹಾಗೆ ಮೊದಲ ಹಾಡು ಕೇಳಿ ಸಾಕು ಅಂದಿದ್ದರೆ ಲೋಕಕ್ಕೆ ಆ ಹಾಡೇ ಸಿಗುತ್ತಿರಲಿಲ್ಲ. ಎರಡನೇ ಮುಖವನ್ನು ಯಾವತ್ತೂ ತಾತ್ಸಾರ ಮಾಡಬೇಡಿ.

ಬಿದ್ದು ಆರ್ಕೆಸ್ಟ್ರಾ ಹೆಸರಿನಲ್ಲಿ 1975ರಲ್ಲಿ ಬಂದ ‘ಬ್ಲೂ ಐಡ್ ಸೋಲ್’ ಆಲ್ಬಮ್ ಕೇಳಿ. ಪಿಟೀಲುಗಳ ದಂಡು ಡಿಸ್ಕೋ ತಾಳದ ಮೇಲೆ ಹೇಗೆ ಸವಾರಿ ಮಾಡುತ್ತದೆ ಅಂತ ಅಲ್ಲಿ ಗೊತ್ತಾಗುತ್ತದೆ. ಆಮೇಲೆ 1981ರ ‘ಡಿಸ್ಕೋ ದೀವಾನೆ’. ‘ಕುರ್ಬಾನಿ’ ಚಿತ್ರಕ್ಕೆ 15ರ ವಯಸ್ಸಿನಲ್ಲಿ ಹಾಡಿದ್ದ ನಾಜಿಯಾ ಹಸನ್, ತಮ್ಮ ಜೊಹೇಬ್ ಜೊತೆ ಹಾಡಿದ ಆಲ್ಬಮ್. ಲಂಡನ್ನಿನಲ್ಲಿ ಬೆಳೆದ ಪಾಕಿಸ್ತಾನದ ಹುಡುಗಿಗೆ ಬೆಂಗಳೂರಿನ ಈ ಬಿದ್ದು ಅವರೇ ಸಂಗೀತ ಮಾಡಿ ಇಡೀ ಭಾರತವನ್ನು ಕುಣಿಸಿದರು. ಶೀರ್ಷಿಕೆಯ ಹಾಡೊಂದನ್ನೇ ಕೇಳಿ ಎದ್ದು ಬರಬೇಡಿ. ಆ ಹುಡುಗಿಯ ದನಿಯಲ್ಲಿರುವ ಒಂಟಿತನ ಉಳಿದ ಹಾಡುಗಳಲ್ಲಿ ಹೆಚ್ಚು ತಿಳಿಯುತ್ತದೆ. ಕ್ಯಾನ್ಸರಿನಿಂದ 2000ದಲ್ಲಿ 35ಕ್ಕೇ ತೀರಿಕೊಂಡರು, ಪಾಪ.

ಕೇಳುವಾಗ ಏನು ಮಾಡಬಾರದು ಅಂತ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಸ್ಕೂಟರ್ ಓಡಿಸುತ್ತಾ ಇಯರ್‌ಫೋನ್ ಬೇಡವೇ ಬೇಡ. ಹೊಸೂರು ರಸ್ತೆಯ ಲಾರಿಗೆ ನಿಮ್ಮ ಬೇಸ್ ಗಿಟಾರ್ ಕೇಳಿಸುವುದಿಲ್ಲ, ನಿಮಗೆ ಅದರ ಹಾರ್ನ್ ಕೇಳಿಸುವುದಿಲ್ಲ. ವಾಲ್ಯೂಮ್ ಏರಿಸುವುದಕ್ಕೂ ಮಿತಿ ಇರಲಿ. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬಲ್ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 90 ಡೆಸಿಬಲ್‌ಗೆ ಏರಿಸಿದರೆ ವಾರಕ್ಕೆ ನಾಲ್ಕೇ ಗಂಟೆ. ಅತಿಯಾದರೆ ಅಮೃತವೂ ವಿಷ. ಕಿವಿಯ ಒಳಗಿನ ಸಣ್ಣ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ, ಮೊದಲು ಹೋಗುವುದೇ ತಾಳದ ತಟ್ಟೆಯ ಆ ಸಣ್ಣ ಚಿಸ್.

ಸ್ಪೀಕರಿನಲ್ಲಿ ಕೇಳುವುದಾದರೆ ಅಕ್ಕಪಕ್ಕದವರನ್ನು ನೆನೆಸಿಕೊಳ್ಳಿ. ಸಿದ್ದಾಪುರದ ಗಲ್ಲಿಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿದೆ. ದನಿ ಗೋಡೆಯಲ್ಲಿ ನಿಲ್ಲುತ್ತದೆ, ಬೇಸ್ ನಿಲ್ಲುವುದಿಲ್ಲ. ನಿಮಗೆ ಸಣ್ಣಗೆ ಕೇಳಿದ್ದು ಪಕ್ಕದ ಮನೆಯ ಮಂಚದಲ್ಲಿ ಗುದ್ದುತ್ತಿರುತ್ತದೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಅಂತ 2000ದ ಶಬ್ದಮಾಲಿನ್ಯ ನಿಯಮದಲ್ಲಿ ಇದೆ, ರಾತ್ರಿ ಅಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ. ನಿಯಮ ಬಿಡಿ, ಮಾರ್ಚ್ ತಿಂಗಳಲ್ಲಿ ಪಕ್ಕದ ಮನೆಯ ಮಗು ಎಸ್‌ಎಸ್‌ಎಲ್‌ಸಿಗೆ ಓದುತ್ತಿರುತ್ತದೆ, ಎದುರು ಮನೆಯ ಅಜ್ಜನಿಗೆ ನಿದ್ದೆ ಬರುವುದೇ ಕಷ್ಟ. ಸ್ಪೀಕರನ್ನು ಗೋಡೆಗೆ ಒತ್ತಿ ಇಡಬೇಡಿ, ಮೂಲೆಯಲ್ಲೂ ಬೇಡ. ಒಂದಡಿ ಈಚೆ ತಂದು, ಕೆಳಗೆ ದಪ್ಪ ರಬ್ಬರ್ ಹಾಸಿ ಇಡಿ. ಬೇಸು ಚೊಕ್ಕವೂ ಆಗುತ್ತದೆ, ನೆರೆಯವರ ಮುಖವೂ ಸರಿ ಇರುತ್ತದೆ.

ಹಳೆಯ ತಟ್ಟೆಗಳ ಹುಚ್ಚು ಹಿಡಿದವರಿಗೆ ಇನ್ನೊಂದು ಮಾತು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೆ ಬಜಾರಿನಲ್ಲಿ ಕವರಿನ ಚಿತ್ರ ನೋಡಿ ದುಡ್ಡು ಎಣಿಸಬೇಡಿ, ಬೆಳ್ಳಗಿರುವುದೆಲ್ಲ ಹಾಲಲ್ಲ. ತಟ್ಟೆ ಹೊರಗೆ ತೆಗೆಸಿ, ಒಳಗಿರುವುದು ಅದೇ ಹೌದೇ ಅಂತ ಲೇಬಲ್ ಓದಿ. ಬಿಸಿಲಿಗೆ ಓರೆ ಹಿಡಿದು ಗೀರು ನೋಡಿ, ಅಂಚಿನಿಂದ ಕಣ್ಣು ಹಾಯಿಸಿ ಸೊಟ್ಟಗಾಗಿದೆಯೇ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರಿದ್ದರೆ ಬಿಟ್ಟು ಬನ್ನಿ. ಮನೆಗೆ ತಂದ ಮೇಲೆ ಕೊಳವೆಬಾವಿ ನೀರಿನಲ್ಲಿ ತೊಳೆಯಬೇಡಿ. ನಮ್ಮ ಕಡೆ ನೀರಿನ ಉಪ್ಪು ಸ್ಟೀಲ್ ಲೋಟವನ್ನೇ ಬಿಡುವುದಿಲ್ಲ, ಹಾಡಿನ ಗೆರೆಯೊಳಗೆ ಕೂತರೆ ಹಾಡು ಪೂರ್ತಿ ಕರಕರ ಅನ್ನುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಸಾಕು. ಮುಟ್ಟುವಾಗ ಅಂಚು, ನಡುವಿನ ಲೇಬಲ್ ಬಿಟ್ಟು ಬೇರೆಲ್ಲೂ ಬೆರಳು ತಾಗಬಾರದು. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ಪೆಟ್ಟಿಗೆಯಂಥ ಅಗ್ಗದ ಪ್ಲೇಯರ್‌ಗಳಲ್ಲಿ ಮುಳ್ಳಿನ ಭಾರ ಐದಾರು ಗ್ರಾಂ ಬೀಳುತ್ತದೆ. ಒಳ್ಳೆಯ ಪ್ಲೇಯರ್‌ನಲ್ಲಿ ಅದು ಎರಡರ ಆಸುಪಾಸು. ಒಳ್ಳೆಯದಕ್ಕೆ ದುಡ್ಡು ಕೂಡಿಡುವವರೆಗೆ ಮೊಬೈಲಿನಲ್ಲೇ ಕೇಳಿ, ಅವಸರ ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ಮತ್ತೆ, ಹೆಸರು ಓದುವ ಅಭ್ಯಾಸ ಮಾಡಿಕೊಳ್ಳಿ. ಮೊಬೈಲಿನ ಪರದೆಯಲ್ಲಿ ಹಾಡಿದವರ ಹೆಸರು ದೊಡ್ಡದಾಗಿ ಬರುತ್ತದೆ, ಬರೆದವರ ಹೆಸರು ಹಲವು ಸಲ ಬರುವುದೇ ಇಲ್ಲ. ಡ್ರಮ್ ಬಾರಿಸಿದವರನ್ನಂತೂ ಯಾರು ಕೇಳುತ್ತಾರೆ? ಹಳೆಯ ಕವರ್ ಸಿಕ್ಕರೆ ಹಿಂದಿನ ಸಣ್ಣ ಅಕ್ಷರವನ್ನೆಲ್ಲ ಓದಿ. ಹಾಡಿನ ಋಣ ಹಾಗೆ ಸ್ವಲ್ಪವಾದರೂ ತೀರುತ್ತದೆ.

ಈ ಭಾನುವಾರ ಬೆಳಿಗ್ಗೆ ಲಾಲ್‌ಬಾಗ್ ವಾಕ್ ಮುಗಿಸಿ ಬಂದ ಮೇಲೆ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಹಾಡುಗಳನ್ನು ಹಿಂದಿನ ರಾತ್ರಿಯೇ ಇಳಿಸಿಟ್ಟುಕೊಳ್ಳಿ. ಮನೆಯವರನ್ನೂ ಕೂರಿಸಿಕೊಳ್ಳಿ, 1981ರಲ್ಲಿ ಕಾಲೇಜಿನಲ್ಲಿದ್ದವರು ಯಾರಾದರೂ ಇದ್ದರೆ ಅವರನ್ನು ಮೊದಲು ಕರೆಯಿರಿ. ‘ಗೀತಾ’ ಹಾಕಿ. ಐದೇ ಹಾಡು, ಅರ್ಧ ಗಂಟೆ ಸಾಕು. ಕೊನೆಯ ಹಾಡು ಪೂರ್ತಿ ಮುಗಿಯುವವರೆಗೆ ಯಾರೂ ಏಳಬೇಡಿ.