ಸವೆದ ಬಿಲ್ಲೆಯನ್ನು ಹುಣಸೆಹಣ್ಣಿಗೆ ಹಾಕಬೇಡಿ

ಹುಡುಗರೇ, ಉಳುವಾಗಲೋ, ಪಾಯ ತೋಡಿದ ಮಣ್ಣಿನಲ್ಲೋ, ಆನ್‌ಲೈನಿನಲ್ಲಿ ತರಿಸಿಕೊಂಡ ಮೆಟಲ್ ಡಿಟೆಕ್ಟರ್ ಸದ್ದು ಮಾಡಿದ ಕಡೆಯಲ್ಲೋ ನಿಮಗೊಂದು ಸವೆದ ಬಿಲ್ಲೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಮನೆಗೆ ತಂದ ತಕ್ಷಣ ಯಾರಾದರೊಬ್ಬರು ಹುಣಸೆಹಣ್ಣು, ಬೂದಿ ತಂದುಕೊಡುತ್ತಾರೆ. ದಯವಿಟ್ಟು ತಿಕ್ಕಬೇಡಿ. ತಾಮ್ರದ ಮೇಲೆ ನೂರಾರು ವರ್ಷ ಕೂತ ಹಸಿರು ಕಿಲುಬನ್ನು ಕೊಳೆ ಅಂದುಕೊಳ್ಳುವುದು ತಪ್ಪು. ಎಷ್ಟೋ ನಾಣ್ಯಗಳಲ್ಲಿ ಅಕ್ಷರದ ಏರುತಗ್ಗು ಉಳಿದಿರುವುದೇ ಆ ಪದರದಲ್ಲಿ. ಹುಳಿ ಅದನ್ನು ಕರಗಿಸಿದರೆ ಫಳಫಳ ಹೊಳೆಯುವ ತಗಡು ಉಳಿಯುತ್ತದೆ; ಯಾವ ದೊರೆಯದು ಎಂದು ಆಮೇಲೆ ಯಾವ ಪಂಡಿತನೂ ಹೇಳಲಾರ.

ಬರೀ ನೀರಿನಲ್ಲಿ ನೆನೆಹಾಕಿ ಮಣ್ಣಷ್ಟೇ ಬಿಡಿಸಿ, ಚೆನ್ನಾಗಿ ಒಣಗಿಸಿ. ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನು ಬಿಲ್ಲೆಯ ಪಕ್ಕಕ್ಕೆ, ಮೇಜಿನ ಮಟ್ಟದಲ್ಲಿ ಹಿಡಿದು ಸುತ್ತ ತಿರುಗಿಸಿ. ಮೇಲಿನ ಬೆಳಕಿಗೆ ಬೋಳಾಗಿ ಕಂಡದ್ದರಲ್ಲಿ ಓರೆ ಬೆಳಕಿಗೆ ಒಂದು ಬೆನ್ನಿನ ಗೆರೆ, ಆಮೇಲೆ ಸೊಂಡಿಲು ಮೂಡುತ್ತದೆ.

ಆನೆ ಕಂಡ ಕೂಡಲೇ ನಮ್ಮ ಸೀಮೆಯಲ್ಲಿ ಟಿಪ್ಪು ಕಾಸು ಎಂದುಬಿಡುತ್ತಾರೆ. ಅವಸರ ಬೇಡ. ಹೈದರಾಲಿಯ ತಾಮ್ರದಲ್ಲೂ ಆನೆಯಿದೆ, ಟಿಪ್ಪುವಿನದರಲ್ಲೂ ಇದೆ, ಮುಮ್ಮಡಿ ಕೃಷ್ಣರಾಜ ಒಡೆಯರದರಲ್ಲೂ ಇದೆ. ಹಿಂಬದಿ ನೋಡಿ. ಟಿಪ್ಪುವಿನದಾದರೆ ಅಲ್ಲಿ ಟಂಕಸಾಲೆಯ ಹೆಸರು ಪಾರ್ಸಿಯಲ್ಲಿರುತ್ತದೆ. ಶ್ರೀರಂಗಪಟ್ಟಣಕ್ಕೆ ‘ಪಟನ್’ ಎಂದಿರುತ್ತದೆ. ತಾನು ಜಾರಿಗೆ ತಂದ ಮೌಲೂದಿ ಶಕೆಯ ಅಂಕಿಗಳನ್ನು ಅವನು ಬಲದಿಂದ ಎಡಕ್ಕೆ ಹಾಕಿಸಿದ. ಹಾಗಾಗಿ 1215 ನಮ್ಮ ಕಣ್ಣಿಗೆ 5121 ಆಗಿ ಕಾಣುತ್ತದೆ, ಅದು ಕ್ರಿ.ಶ. 1787ರ ಸುಮಾರಿನದು. ಹಿಂಬದಿಯಲ್ಲಿ ಕನ್ನಡ ಮೂಡಿ, ‘ಮಯಿಲಿ ಕಾಸು’ ಎಂಬುದರ ಎರಡಕ್ಷರವಾದರೂ ಸಿಕ್ಕಿ, ಮುಂದೆ ಆನೆಯ ಮೇಲೆ ಸೂರ್ಯ ಚಂದ್ರ, ನಡುವೆ ‘ಶ್ರೀ’ ಕಂಡರೆ ಅದು ಮುಮ್ಮಡಿಯವರದು. ಅರಿಕುಠಾರಕ್ಕೆ 1818ರಲ್ಲಿ ತಂದೆಯ ಹೆಸರಿಟ್ಟು ಚಾಮರಾಜನಗರ ಮಾಡಿದವರು, 1826ರಲ್ಲಿ ಚಾಮರಾಜೇಶ್ವರನ ಗುಡಿ ಕಟ್ಟಿಸಿದವರು ಅವರೇ. ನಮ್ಮೂರಿನ ಮಟ್ಟಿಗೆ ಅಂಥ ಒಂದು ಕಾಸು ಬಂಗಾರಕ್ಕಿಂತ ದೊಡ್ಡದು ಎನ್ನುವವನು ನಾನು.

ಪೂರ್ತಿ ನುಣ್ಣಗಾಗಿದ್ದರೂ ಕೈಬಿಡಬೇಡಿ. ಚಿನ್ನದಂಗಡಿಯಲ್ಲಿ ತೂಗಿಸಿ, ಅಡ್ಡಳತೆ ತೆಗೆಯಿರಿ. ಅಂಚು ಓರೆಕೋರೆಯಾಗಿ, ದಪ್ಪಗಿದ್ದು, 11 ಗ್ರಾಂ ಆಸುಪಾಸು ತೂಗಿದರೆ ಟಿಪ್ಪುವಿನ ಪೈಸೆ ಇರಬಹುದು. ಅದರ ಇಮ್ಮಡಿ ತೂಗಿದರೆ ಎರಡು ಪೈಸೆಯದು. ತಪ್ಪಿಲ್ಲದ ದುಂಡು, 25 ಮಿಲಿಮೀಟರ್ ಅಗಲ, ಆರೂವರೆ ಗ್ರಾಂಗೆ ತುಸು ಕಡಿಮೆ ಎಂದರೆ ಯಂತ್ರದಲ್ಲಿ ಹೊಡೆದ ಕಾಲಾಣೆ, ಈಸ್ಟ್ ಇಂಡಿಯಾ ಕಂಪನಿಯದೋ ವಿಕ್ಟೋರಿಯಾ ರಾಣಿಯದೋ. ನಡುವೆ ತೂತಿದ್ದರೆ 1943ರಿಂದ 1947ರ ನಡುವಿನ ಪೈಸೆ. ಬೆರಳತುದಿಯಷ್ಟೂ ಇಲ್ಲದ ಹಳದಿ ಚೂರನ್ನು ಮೂಗುಬೊಟ್ಟು ಎಂದು ಎಸೆಯಬೇಡಿ. ಗ್ರಾಮಿನ ಮೂರನೇ ಒಂದು ಪಾಲು ತೂಗುವ, ನರಸಿಂಹನಿರುವ ಕಂಠೀರವ ಹಣ ಅಷ್ಟೇ ಚಿಕ್ಕದು.

ಇನ್ನೊಂದು ಎಚ್ಚರ. ರಾಮ, ಸೀತೆ, ಹನುಮಂತರ ಚಿತ್ರವಿದ್ದು ಹಿಂದೆ ‘ಈಸ್ಟ್ ಇಂಡಿಯಾ ಕಂಪನಿ, 1818, ಅರ್ಧ ಆಣೆ’ ಎಂದಿರುವ ಬಿಲ್ಲೆಗಳು ಹೇರಳ. ಕಂಪನಿ ಅಂಥ ಆಣೆಯನ್ನು ಹೊರಡಿಸಲೇ ಇಲ್ಲ. ಅವು ಆಮೇಲೆ ಯಾರೋ ಮಾಡಿ ಮಾರಿದವು. ಇವನ್ನೇ ಹಿಡಿದುಕೊಂಡು ‘ಅಕ್ಕಿ ಎಳೆಯುತ್ತದೆ, ಕೋಟಿ ಬೆಲೆ’ ಎಂದು ಬರುವವರುಂಟು. ಅವರು ಮೋಸಗಾರರು. ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ, ಮನೆಯೊಳಗೆ ಕೂರಿಸಬೇಡಿ.

ನಾಣ್ಯದ ಅರ್ಧ ಗುರುತು ಅದು ಸಿಕ್ಕ ಜಾಗದಲ್ಲಿದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೈಲ್ವೆ ಕೆಲಸಕ್ಕೆ ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಜಾಗ ದಾಖಲಾದದ್ದರಿಂದಲೇ ಆ ದೂರದೇಶದ ಬೆಳ್ಳಿ ಇಲ್ಲಿಯವರೆಗೆ ಬಂದಿತ್ತೆಂದು ಇವತ್ತು ಹೇಳಬಲ್ಲೆವು. ನಮ್ಮ ಊರಲ್ಲೇ, ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶಕ್ಕೆ ನೆಲ ಹದ ಮಾಡಿದ ಮೇಲೆ ಹಳೆಯ ಹೊಲದ ಗುರುತೇ ಸಿಗದ ಕಡೆಗಳಿವೆ. ಆದ್ದರಿಂದ ಸರ್ವೆ ನಂಬರು, ಎಷ್ಟು ಆಳ, ಜೊತೆಯಲ್ಲಿದ್ದ ಮಡಕೆ ಚೂರು, ಬಳೆ ಚೂರು ಎಲ್ಲವನ್ನೂ ಅವತ್ತೇ ಬರೆದಿಡಿ, ಫೋಟೋ ತೆಗೆದಿಡಿ. ಒಂದಕ್ಕಿಂತ ಹೆಚ್ಚು ಸಿಕ್ಕರೆ ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ. ಹಾಳುಗುಡಿ, ವೀರಗಲ್ಲು, ಕೋಟೆಗೋಡೆಯ ಬುಡಕ್ಕೆ ಯಂತ್ರ ಹಿಡಿದು ಹೋಗಲೇಬೇಡಿ. ನಿಧಿಗಳ್ಳರು ಈ ನಾಡಿನ ಎಷ್ಟೋ ಗರ್ಭಗುಡಿಗಳನ್ನು ಬಗೆದು ಹಾಳು ಮಾಡಿದ್ದಾರೆ.

ನೆಲದಲ್ಲಿ ಸಿಕ್ಕ ನಿಧಿಗೆ ಕಾನೂನಿದೆ. ಮುಚ್ಚಿಡುವುದು, ಮಾರುವುದು ಅಪರಾಧ. ಚಾಮರಾಜನಗರದ ತಹಶೀಲ್ದಾರರ ಕಚೇರಿಗೆ ಹೋಗಿ ಜಿಲ್ಲಾಧಿಕಾರಿಯವರ ಹೆಸರಿಗೆ ಅರ್ಜಿ ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ರಾಜ್ಯದ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿ ಪಕ್ಕದ ಮೈಸೂರಿನಲ್ಲೇ ಇದೆ. ಓದಬಲ್ಲವರ ಕೈಗೆ ಬಿಲ್ಲೆ ತಲುಪಲಿ, ಅದರ ಜೊತೆಗೆ ಬದನಗುಪ್ಪೆಯ ಹೆಸರೂ ಹೋಗಲಿ.