ಅರಳಿ ಕಟ್ಟೆಯಲ್ಲಿ ಕೂತು ಕಲಿತದ್ದು

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರ ಜೂನ್‌ನಲ್ಲಿ. ನಾನು ಬರೆಯಲು ಕೂತ ಹೊಸತರಲ್ಲಿ ಎಷ್ಟೋ ಜನರ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಬರೀ ಚೌಕಗಳು ಕಾಣುತ್ತಿದ್ದವು. ನಡುನಡುವೆ ಬಿಟ್ಟರೂ ಇವತ್ತಿಗೂ ಬರೆಯುತ್ತಿದ್ದೇನೆ. ಅಲ್ಲಿನ ಎಲ್ಲರ ಚರ್ಚೆಯ ಪುಟ ಅರಳಿ ಕಟ್ಟೆಯಲ್ಲಿ ಕೂತು ಕಲಿತ ಐದು ಮಾತು ಇಲ್ಲಿವೆ.

1. ಮೊದಲು ಅಕ್ಷರ ಮೂಡಿಸಲು ನೆರವಾಗಿ. ಬರಹ, ನುಡಿ ತಂತ್ರಾಂಶಗಳಲ್ಲಿ ಕೈ ಪಳಗಿದವರಿಗೆ ಆಗ ಯುನಿಕೋಡ್ ಹೊಸತು. ಒತ್ತಕ್ಷರ ಕೂರುತ್ತಿಲ್ಲ, ಅರ್ಕಾವತ್ತು ಎಲ್ಲೋ ಹೋಗುತ್ತಿದೆ ಎಂಬ ದೂರುಗಳಲ್ಲೇ ಅರ್ಧ ದಿನ ಕಳೆಯುತ್ತಿತ್ತು. ನಾವು ಒಬ್ಬರಿಗೊಬ್ಬರು ಪರಿಚಯವಾದದ್ದೂ ಆ ಫಾಂಟಿನ ಗೋಳಿನಲ್ಲೇ.

2. ಹೊಸಬರ ಬರಹ ಅಳಿಸುವ ಮುಂಚೆ ಅವರ ಚರ್ಚೆಪುಟದಲ್ಲಿ ಒಂದು ಮಾತು ಬರೆಯಿರಿ. ಒಬ್ಬರು ತಮ್ಮೂರಿನ ಕೆರೆಯ ಬಗ್ಗೆ ನಾಲ್ಕು ಸಾಲು ಹಾಕಿದ್ದರು. ಆಧಾರವಿಲ್ಲವೆಂದು ನಾನು ಅಳಿಸುವ ಗುರುತು ಹಾಕಿದೆ. ನಿಯಮದ ಪ್ರಕಾರ ಸರಿಯೇ. ಅವರು ಮತ್ತೆ ಬರಲಿಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಬ್ಬರು ಬಿಟ್ಟುಹೋದರೆ ಗೊತ್ತೂ ಆಗುವುದಿಲ್ಲ. ನಮ್ಮಲ್ಲಿ ಆ ಊರನ್ನು ಬಲ್ಲವರು ಅವರೊಬ್ಬರೇ ಇದ್ದರು. ಆ ಕೆರೆಯ ಬಗ್ಗೆ ಇಂದಿಗೂ ಯಾರೂ ಬರೆದಿಲ್ಲ. ಈಗ ನಾನು ಮೊದಲು ಜಿಲ್ಲಾ ಗೆಜೆಟಿಯರ್ ತೆರೆಯುತ್ತೇನೆ, ಆಧಾರ ಸಿಕ್ಕರೆ ನಾನೇ ಸೇರಿಸುತ್ತೇನೆ, ಹೀಗೆ ಸೇರಿಸಿದೆ ನೋಡಿ ಎಂದು ಅವರಿಗೆ ತಿಳಿಸುತ್ತೇನೆ. ಅರ್ಧ ಗಂಟೆಯ ಕೆಲಸ.

3. ಲೇಖನಗಳ ಎಣಿಕೆಗೆ ಮರುಳಾಗಬೇಡಿ. ಯಂತ್ರದ ನೆರವಿನಿಂದ ಅನುವಾದಿಸಿದ ಉದ್ದುದ್ದ ಲೇಖನಗಳು ಒಂದು ಕಾಲಕ್ಕೆ ರಾಶಿ ಬಿದ್ದವು. ಸಂಖ್ಯೆ ಏರಿತು, ಓದಲಾಗದ ಆ ವಾಕ್ಯಗಳನ್ನು ತಿದ್ದುವುದು ಬೆರಳೆಣಿಕೆಯ ಜನರ ಪಾಲಿಗೆ ಬಂತು. ಇನ್ನೂ ಬರೆಯದ ಲೇಖನದ ಕೆಂಪು ಕೊಂಡಿ ಕೆಂಪಾಗಿಯೇ ಇದ್ದರೆ ನನಗೆ ಬೇಸರವಿಲ್ಲ, ಯಾರಾದರೂ ಬಂದು ಬರೆಯಲು ಅಲ್ಲೊಂದು ಜಾಗವಿರುತ್ತದೆ.

4. ಎಲ್ಲರೂ ಒಂದೆಡೆ ಸೇರಿ ಬರೆಯುವ ಸಂಪಾದನೋತ್ಸವಕ್ಕೆ ಹೋಗಿ, ಪಕ್ಕದಲ್ಲಿ ಕೂತು ತಿದ್ದಿ. ಹಾಗೆ ಕಲಿತದ್ದು ಒಂದೇ ವಿಕಿಗೆ ಸೀಮಿತವಾಗುವುದಿಲ್ಲ. ಹೊಸ ಭಾಷೆಯ ವಿಕಿಗಳನ್ನು ಬೆಳೆಸುವ ಇನ್‌ಕ್ಯುಬೇಟರಿನಲ್ಲಿ ವರ್ಷಗಟ್ಟಲೆ ಇದ್ದ ತುಳು ವಿಕಿಪೀಡಿಯ 2016ರಲ್ಲಿ ಹೊರಬಂತು. ಅದನ್ನು ಕಟ್ಟಿದವರಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದವರೂ ಇದ್ದರು.

5. ಹೋದವರ ಲೆಕ್ಕ ಮುಗಿಸಬೇಡಿ. ನೌಕರಿ, ಮದುವೆ, ಮಕ್ಕಳು, ವಯಸ್ಸಾದ ಅಪ್ಪ ಅಮ್ಮ. ಜನ ವರ್ಷಗಟ್ಟಲೆ ಕಾಣೆಯಾಗುತ್ತಾರೆ. ಅವರು ಮಾಡಿದ ತಿದ್ದುಪಡಿ ಮಾತ್ರ ಪುಟದ ಇತಿಹಾಸದಲ್ಲಿ ಹೆಸರು, ತಾರೀಕು ಸಮೇತ ಹಾಗೇ ಇರುತ್ತದೆ. ಮೊನ್ನೆ ಅರಳಿ ಕಟ್ಟೆಯಲ್ಲಿ ಒಬ್ಬ ವಿದ್ಯಾರ್ಥಿನಿ ಹಕ್ಕಿಯೊಂದರ ಕನ್ನಡ ಹೆಸರು ಕೇಳಿದ್ದಳು. ಬೆಳಗಾಗುವಷ್ಟರಲ್ಲಿ ಉತ್ತರ ಬಂದಿತ್ತು. ಉತ್ತರ ಕೊಟ್ಟವರ ಹೆಸರನ್ನು ನಾನು ಕಂಡು ಒಂಬತ್ತು ವರ್ಷವಾಗಿತ್ತು.