ಮಿರರ್ ಸರ್ವರ್ ತುಂಬಿ ತುಳುಕಿದಾಗ

ಮದುವೆ ಸೀಸನ್‌ನಲ್ಲಿ ಚಡಚಣದ ಬಟ್ಟೆ ಪೇಟೆ ನೋಡಿದವರಿಗೆ ಈ ಪಾಠ ಅರ್ಧ ಗೊತ್ತೇ ಇರುತ್ತದೆ. ಒಂದು ಅಂಗಡಿ ತುಂಬಿದ್ದರೆ ಜನ ಪಕ್ಕದ ಅಂಗಡಿಗೆ ಹೋಗ್ತಾರೆ. ಜವಳಿ ತರಲು ಮನೆಯ ನಾಲ್ಕು ಮಂದಿ ಬಂದರೆ ಸಾಕು, ಇಡೀ ಊರೇ ಬರಬೇಕಿಲ್ಲ. ಡೌನ್‌ಲೋಡ್ ಮಾಡುವಾಗ ಮಾತ್ರ ನಾವು ಇವೆರಡನ್ನೂ ಮರೀತೀವಿ.

ಉಬುಂಟು, ಡೆಬಿಯನ್‌ನಂಥ ಮುಕ್ತ ತಂತ್ರಾಂಶಗಳ ಫೈಲುಗಳನ್ನು ಒಂದೇ ಸರ್ವರ್‌ನಲ್ಲಿಟ್ಟರೆ ಜಗತ್ತಿನ ಬೇಡಿಕೆಯನ್ನು ಅದು ತಡೆಯಲ್ಲ. ಅದಕ್ಕೇ ವಿಶ್ವವಿದ್ಯಾಲಯಗಳು, ಕಂಪನಿಗಳು ಅವುಗಳ ನಕಲು ಇಟ್ಟು ಪುಕ್ಕಟೆ ಹಂಚುತ್ತವೆ. ಇವೇ ಮಿರರ್‌ಗಳು. ನಮ್ಮ ದೇಶದಲ್ಲಿ ಐಐಟಿ ಕಾನ್ಪುರದ ಕಂಪ್ಯೂಟರ್ ಸೈನ್ಸ್ ವಿಭಾಗ ಇಂಥದ್ದೊಂದನ್ನು ನಡೆಸುತ್ತ ಬಂದಿದೆ. ಏಪ್ರಿಲ್, ಅಕ್ಟೋಬರ್‌ನಲ್ಲಿ ಉಬುಂಟುವಿನ ಹೊಸ ಆವೃತ್ತಿ ಬಂದ ದಿನ ಇವುಗಳ ಮೇಲೆ ಹೊರೆ ಏರುತ್ತದೆ. 2008ರ ಜೂನ್ 17ರಂದು ಫೈರ್‌ಫಾಕ್ಸ್ 3 ಬಂದಾಗ ಶುರುವಿನಲ್ಲೇ ಮೊಜಿಲ್ಲಾದ ವೆಬ್‌ಸೈಟ್ ಕುಸಿಯಿತು. ಆಮೇಲೆ 24 ತಾಸಿನಲ್ಲಿ 80 ಲಕ್ಷಕ್ಕೂ ಹೆಚ್ಚು ಡೌನ್‌ಲೋಡ್ ಆದವು.

ಈಗ ನಮ್ಮ ಲ್ಯಾಬಿನ ಲೆಕ್ಕ ನೋಡೋಣ. 60 ಕಂಪ್ಯೂಟರ್, ತಲಾ 5 ಜಿಬಿ ಐಎಸ್‌ಒ, ಹೊರಗಿನ ಲಿಂಕ್ 100 ಎಂಬಿಪಿಎಸ್ ಅಂತ ಇಟ್ಟುಕೊಳ್ಳಿ. ಪೂರ್ತಿ ವೇಗ ಸಿಕ್ಕರೂ ಒಂದು ಪ್ರತಿಗೆ ಸುಮಾರು 7 ನಿಮಿಷ ಬೇಕು. ಅರವತ್ತೂ ಕಂಪ್ಯೂಟರ್ ಹೊರಗಿನಿಂದಲೇ ಇಳಿಸಿಕೊಂಡರೆ 6 ತಾಸು 40 ನಿಮಿಷ! ಒಂದೇ ಪ್ರತಿ ಇಳಿಸಿ, ಒಳಗಿನ ಗಿಗಾಬಿಟ್ ಜಾಲದಲ್ಲಿ ಹಂಚಿದರೆ ಪ್ರತಿಯೊಂದಕ್ಕೆ 40 ಸೆಕೆಂಡ್, ಒಟ್ಟು ಮುಕ್ಕಾಲು ತಾಸಿನ ಆಸುಪಾಸು. ಮಿರರ್ ಮೇಲಿನ ಹೊರೆ ಅರವತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ಹಾಗಾದ್ರೆ ಮಾಡಬೇಕಾದ್ದೇನು?

1. ಮಿರರ್ ಬದಲಿಸಿ. ಉಬುಂಟುವಿನ ಹಲವು ಆವೃತ್ತಿಗಳ ಸೆಟ್ಟಿಂಗ್‌ನಲ್ಲೇ ಉತ್ತಮ ಸರ್ವರ್ ಹುಡುಕುವ ಬಟನ್ ಇದೆ.

2. ಐಎಸ್‌ಒಗೆ ಟೊರೆಂಟ್ ಬಳಸಿ. ಇಲ್ಲಿ ಇಳಿಸಿಕೊಳ್ಳುವವರೇ ಹಂಚುವವರೂ ಆಗುವುದರಿಂದ, ಜನ ಹೆಚ್ಚಿದಷ್ಟೂ ಹಂಚುವ ಕೈಗಳೂ ಹೆಚ್ಚುತ್ತವೆ.

3. ಅರ್ಧಕ್ಕೆ ನಿಂತರೆ ಮೊದಲಿನಿಂದ ಶುರು ಮಾಡಬೇಡಿ. ಡಬ್ಲ್ಯೂಗೆಟ್‌ಗೆ ನಿಂತಲ್ಲಿಂದ ಮುಂದುವರಿಸುವ ಆಯ್ಕೆ ಇದೆ.

4. ಲ್ಯಾಬಿನ ಒಂದು ಹಳೆಯ ಕಂಪ್ಯೂಟರಿನಲ್ಲಿ ಆಪ್ಟ್-ಕ್ಯಾಶರ್-ಎನ್‌ಜಿ ಹಾಕಿ. ಮೊದಲನೆಯವರು ಕೇಳಿದ ಪ್ಯಾಕೇಜನ್ನು ಅದು ಹೊರಗಿನಿಂದ ತಂದಿಟ್ಟುಕೊಳ್ಳುತ್ತದೆ, ಉಳಿದವರಿಗೆ ಅಲ್ಲಿಂದಲೇ ಕೊಡುತ್ತದೆ.

"ಯಾರದೋ ಮಿರರ್, ನಂಬೋದು ಹೆಂಗ?" ಅಂತ ಕೇಳಬಹುದು. ಇಲ್ಲಿ ಮಿರರನ್ನು ನಂಬಬೇಕಾದ್ದೇ ಇಲ್ಲ. ಪ್ಯಾಕೇಜ್ ಪಟ್ಟಿಗೆ ಉಬುಂಟು ಅಥವಾ ಡೆಬಿಯನ್ ತಂಡದ ಡಿಜಿಟಲ್ ಸಹಿ ಇರುತ್ತದೆ, ಪಟ್ಟಿಯೊಳಗೆ ಪ್ರತಿ ಪ್ಯಾಕೇಜಿನ ಹ್ಯಾಶ್ ಇರುತ್ತದೆ. ನಡುವೆ ಯಾರಾದರೂ ಫೈಲ್ ಬದಲಿಸಿದ್ದರೆ ಆಪ್ಟ್ ಒಪ್ಪಲ್ಲ. "ಹ್ಯಾಶ್ ಸಮ್ ಮಿಸ್‌ಮ್ಯಾಚ್" ಅಂತ ಬಂದರೆ ಗಾಬರಿ ಬೇಡ. ಮಿರರ್ ಆಗಷ್ಟೇ ಹೊಸ ಫೈಲುಗಳನ್ನು ತುಂಬಿಕೊಳ್ಳುತ್ತಿರಬಹುದು. ಸ್ವಲ್ಪ ಹೊತ್ತು ಬಿಟ್ಟು ನೋಡಿ. ಐಎಸ್‌ಒ ಆದರೆ ಎಸ್‌ಎಚ್‌ಎ-256 ಮೊತ್ತವನ್ನು ನಾವೇ ತಾಳೆ ನೋಡಬೇಕು.

ಕೊನೆಗೊಂದು ಮುಖ್ಯ ಮಾತು. ಬಹಳಷ್ಟು ಕ್ಯಾಂಪಸ್‌ಗಳು ಹೊರಗಿನ ಸರ್ವರ್‌ಗೆ ಒಂದೇ ಐಪಿ ವಿಳಾಸವಾಗಿ ಕಾಣುತ್ತವೆ. ಒಬ್ಬರು ಹದಿನಾರು ಸಂಪರ್ಕ ತೆರೆದು ಎಳೆದರೆ, ಆ ವಿಳಾಸಕ್ಕೇ ಮಿರರ್ ಬಾಗಿಲು ಹಾಕಬಹುದು. ಆಗ ನಾಳೆ ಪ್ರಾಜೆಕ್ಟ್ ಡೆಮೊ ಇರುವ ಗೆಳತಿಗೂ ಪ್ಯಾಕೇಜ್ ಸಿಗಲ್ಲ. ಪುಕ್ಕಟೆ ಸಿಗುವುದನ್ನು ಒಮ್ಮೆ ತಂದು ಹಂಚಿಕೊಂಡರೆ ಎಲ್ಲರಿಗೂ ಸಾಲುತ್ತದೆ.